ಇವರ ಮೊದಲ ಹಡಗು

ಗಂಡ ನಿವೃತ್ತನಾದರೆ ಹೆಂಡತಿಗೆ ಎರಡನೆಯ ನೌಕರಿ ಹತ್ತಿದಂತೆ ಎಂದು ನಮ್ಮ ಓಣಿಯ ಅಜ್ಜಿಯೊಬ್ಬರು ನಗಾಡುತ್ತಿದ್ದರು. ಬೈಲಹೊಂಗಲದ ಮನೆಯಲ್ಲಿ ನನಗೆ ಆ ನೌಕರಿ ಸಿಕ್ಕು ಈಗ ಎರಡು ವರ್ಷದ ಮೇಲಾಯಿತು. ನಮ್ಮ ಮನೆಯವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. 34 ವರ್ಷ ಪಾನಾ ಹಿಡಿದ ಕೈ. ಮನೆಗೆ ಬಂದ ಮೊದಲ ಎರಡು ತಿಂಗಳಲ್ಲಿ ನಳ, ಫ್ಯಾನು, ಮಿಕ್ಸರು ಎಲ್ಲವೂ ದುರಸ್ತಿಯಾದವು. ನೆರೆಮನೆಯವರ ಸೈಕಲ್ಲೂ ಆಯಿತು. ಆಮೇಲೆ ನನ್ನ ಅಡಿಗೆಮನೆಯ ಸರದಿ. "ಜೀರಗಿ ಡಬ್ಬಿ ಇಲ್ಲ್ಯಾಕ ಇಟ್ಟಿ? ಸಾಸಿವಿ ಬಾಜೂಕ ಇರಬೇಕಲ್ಲ?" ಎಂದು ತಕರಾರು. ಆ ತಕರಾರು ನಿಂತಾಗ ನನಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ದೀಪ ಹಚ್ಚುವ ಹೊತ್ತಾದರೂ ಕುರ್ಚಿ ಬಿಟ್ಟು ಏಳದೆ ಸುಮ್ಮನೆ ಕೈ ನೋಡಿಕೊಳ್ಳುತ್ತ ಕೂಡುವ ಗಂಡಸನ್ನು ಕಂಡರೆ ಎಂಥ ಹೆಂಗಸಿಗೂ ಎದೆ ಝಲ್ಲೆನ್ನುತ್ತದೆ. ರಕ್ತದೊತ್ತಡ ನೋಡಿದ ಡಾಕ್ಟರು ಗುಳಿಗೆ ಬರೆದುಕೊಟ್ಟು, "ಇವರ ಕೈಗೆ ಏನಾದರೂ ಕೆಲಸ ಹಚ್ಚರಿ ಅಕ್ಕಾ" ಎಂದರು.

ಆ ಕೆಲಸ ಸಿಕ್ಕಿದ್ದು ಕಾರವಾರದಲ್ಲಿ. ಮಗಳು ಅಳಿಯ ಅಲ್ಲಿರುತ್ತಾರೆ. 2025ರ ದಸರೆಗೆ ನಾವು ಹೋದಾಗ ಅಳಿಯ ಫೋನಿನಲ್ಲಿ 'ಕೌಂಡಿನ್ಯ' ಎಂಬ ಹಡಗಿನ ಚಿತ್ರ ತೋರಿಸಿದ. ಅಜಂತಾದ ಐದನೆಯ ಶತಮಾನದ ಚಿತ್ರವೊಂದನ್ನು ನೋಡಿ ಗೋವಾದಲ್ಲಿ ಕಟ್ಟಿದ ಹಡಗಂತೆ ಅದು. ಅದೇ ವರ್ಷ ಮೇ 21ರಂದು ಕಾರವಾರದಲ್ಲೇ ನೌಕಾಪಡೆ ಅದನ್ನು ಸೇರಿಸಿಕೊಂಡಿತ್ತು. ಹಲಗೆಗೆ ಹಲಗೆಯನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದಿದ್ದಾರೆ. ಹಾಯಿಯ ಮೇಲೆ ನಮ್ಮ ಗಂಡಭೇರುಂಡ! "ಹಡಗಾ ಹೊಲಿತಾರೇನು?" ಎಂದು ಇವರು ಕನ್ನಡಕ ಏರಿಸಿಕೊಂಡು ಆ ಚಿತ್ರವನ್ನು ಹತ್ತು ಸಲ ನೋಡಿದರು. ಎಷ್ಟೋ ತಿಂಗಳ ಮೇಲೆ ಆ ಕಣ್ಣಿನಲ್ಲಿ ಹೊಳಪು ಕಂಡೆ. ಆಗ ಮಗಳು, ಮನೆಯಲ್ಲೇ ಕೂತು ಕಟ್ಟುವ ಮರದ ಪುಟ್ಟ ಹಡಗಿನ ಕಿಟ್ ಸಿಗುತ್ತದೆ ಎಂದಳು. ಡಬ್ಬಿಯಲ್ಲಿ ಕತ್ತರಿಸಿದ ಹಲಗೆ, ಪಟ್ಟಿ, ದಾರ, ನಕ್ಷೆ ಎಲ್ಲ ಇರುತ್ತದೆ.

ಇವರಿಗೆ ಕೂಡಲೇ ಒಂದು ಕಿಟ್ ಮನಸ್ಸಿಗೆ ಬಂತು. ಮೂರು ಕಂಬ, ಇಪ್ಪತ್ತರ ಮೇಲೆ ಹಾಯಿ, ಎರಡೂ ಬದಿಗೆ ಸಾಲು ಸಾಲು ತೋಪು. ಡಬ್ಬಿಯ ಮೇಲಿನ ಚಿತ್ರ ನೋಡಿದರೆ ಯಾರಿಗಾದರೂ ಆಸೆಯಾಗಬೇಕು. ನನಗೆ ಮಾತ್ರ ಹುಬ್ಬಳ್ಳಿಯ ನನ್ನ ತಮ್ಮನ ಮಗ ನೆನಪಾದ. ಅವನೂ ಅಂಥದೇ ತರಿಸಿದ್ದ. ಪಕ್ಕೆಲುಬು ನಿಲ್ಲಿಸಿ, ನಾಲ್ಕು ಪಟ್ಟಿ ಹಚ್ಚಿ, ಐದನೆಯದು ಮುರಿದಾಗ ಕಪಾಟಿನ ಮೇಲೆ ಇಟ್ಟವನು ಇನ್ನೂ ಇಳಿಸಿಲ್ಲ. ಅವನಿಗೆ ವಯಸ್ಸಿದೆ, ನೂರು ಹವ್ಯಾಸವಿದೆ. ಇವರು ಇದೊಂದನ್ನು ಅರ್ಧಕ್ಕೆ ಬಿಟ್ಟರೆ ಮತ್ತೆ ಕುರ್ಚಿಯೇ ಗತಿ. ಅದಕ್ಕೇ ಸಂಘದಲ್ಲಿ ಕೂಡಿಟ್ಟ ನನ್ನ ಹಣ ಕೊಡುವ ಮೊದಲು ಎಂಟು ದಿನ ಮಗಳಿಂದ ಓದಿಸಿ, ಕೇಳಿ, ತಿಳಿದುಕೊಂಡೆ.

ತಿಳಿದದ್ದು ಇಷ್ಟು. ಹಡಗಿನಲ್ಲಿ ಕಠಿಣವಾದದ್ದು ಒಡಲು. ಹಾಯಿ, ಕಂಬದ ಮಾತು ಆಮೇಲಿನದು. ಬೆನ್ನೆಲುಬಿನಂಥ ಉದ್ದ ಹಲಗೆಗೆ ಅಡ್ಡಡ್ಡ ಪಕ್ಕೆಲುಬು ನಿಲ್ಲಿಸಿ, ಅದರ ಮೇಲೆ ತೆಳ್ಳನೆಯ ಪಟ್ಟಿಗಳನ್ನು ಬಗ್ಗಿಸಿ ಅಂಟಿಸಬೇಕು. ನಡುವೆ ಹೊಟ್ಟೆ ಅಗಲ, ಮೂತಿ ಚೂಪು. ಒಂದೇ ಅಗಲದ ಪಟ್ಟಿ ಮೂತಿಯ ಹತ್ತಿರ ಒಂದರ ಮೇಲೊಂದು ಏರುತ್ತದೆ. ಪರಕರಕ್ಕೆ ಸೊಂಟದ ಹತ್ತಿರ ಕಿರಿದು, ಕೆಳಗೆ ಅಗಲ ಮಾಡಿ ಕಳಿ ಕತ್ತರಿಸುತ್ತೇವಲ್ಲ, ಹಾಗೆ ಪ್ರತಿ ಪಟ್ಟಿಯನ್ನೂ ಮೂತಿಯ ಕಡೆ ಸಣ್ಣದು ಮಾಡುತ್ತ ಬರಬೇಕು. ಹಡಗು ದುಂಡಗಾದಷ್ಟೂ ಪಟ್ಟಿ ಹೆಚ್ಚು, ಬಗ್ಗಿಸುವ ಕಷ್ಟವೂ ಹೆಚ್ಚು. ಆದ್ದರಿಂದ ಮೊದಲ ಸಲಕ್ಕೆ ಚಪ್ಪಟೆ ತಳದ ದೋಣಿ ಒಳ್ಳೆಯದು. ಸ್ವಲ್ಪ ದೊಡ್ಡದೇ ಬೇಕೆಂದರೆ ಎರಡು ಪದರದ ಒಡಲಿನದು ಆಗಬಹುದು. ಮೊದಲ ಪದರದ ಓರೆಕೋರೆಯನ್ನು ಮೆತ್ತಿ, ಪಾಲಿಶ್ ಪೇಪರಿನಿಂದ ಉಜ್ಜಿ, ಮೇಲಿನ ಪದರದಿಂದ ಮುಚ್ಚಬಹುದು. ಒಂದೇ ಪದರದ್ದಾದರೆ ತಪ್ಪು ಮುಚ್ಚಲು ಜಾಗವಿಲ್ಲ.

ಡಬ್ಬಿಯ ಮೇಲಿನ ಅಳತೆಯನ್ನೂ ನೋಡಬೇಕು. 1:24 ಎಂದರೆ 24 ಅಡಿಯ ದೋಣಿ 1 ಅಡಿಗೆ ಇಳಿದಿದೆ ಎಂದರ್ಥ. ಎರಡನೆಯ ಅಂಕಿ ದೊಡ್ಡದಾದಷ್ಟೂ ರಾಟೆ, ಕೊಕ್ಕೆ, ಗಂಟು ಎಲ್ಲ ಸಾಸಿವೆ ಕಾಳಾಗುತ್ತವೆ. ಅರವತ್ತರ ಕಣ್ಣಿಗೆ, ಸ್ಪ್ಯಾನರ್ ಹಿಡಿದ ಬೆರಳಿಗೆ ಅದು ಹಿಂಸೆ. ಅಮೆರಿಕದ ಮಾಡೆಲ್ ಶಿಪ್‌ವೇಸ್ ಎಂಬವರು ಹೊಸಬರಿಗೆಂದೇ ಮೂರು ದೋಣಿಗಳನ್ನು ಒಂದರ ಮೇಲೊಂದು ಪಾಠದಂತೆ ಹೊಂದಿಸಿದ್ದಾರೆ. ಮೊದಲನೆಯದು ಡೋರಿ, ಚಪ್ಪಟೆ ತಳದ ಮೀನುಗಾರರ ದೋಣಿ. ಎರಡನೆಯದು ನಾರ್ವೆ ದೇಶದ ಸಣ್ಣ ಹಾಯಿದೋಣಿ. ಮೂರನೆಯದು ಲಾಬ್‌ಸ್ಟರ್ ಹಿಡಿಯುವವರದು, ಅದಕ್ಕೆ ಕಂಬ, ಹಗ್ಗ ಎಲ್ಲ ಉಂಟು. ಡೋರಿಯ ಕಥೆ ನನಗೆ ಬಹಳ ಹಿಡಿಸಿತು. ಹಿಂದೆ ಇವನ್ನು ದೊಡ್ಡ ಹಡಗಿನ ಮೇಲೆ, ನಾವು ಬೋಗುಣಿ ಜೋಡಿಸಿಡುವಂತೆ, ಒಂದರೊಳಗೊಂದು ಇಟ್ಟು ಒಯ್ಯುತ್ತಿದ್ದರಂತೆ!

ಡೋರಿಯ ಹೆಸರು ಎತ್ತಿದ್ದೇ ತಡ, ಇವರಿಗೆ ಸಿಟ್ಟು. "ಬಸ್ಸಿನ ಇಂಜಿನ್ ಬಿಚ್ಚಿ ಜೋಡಿಸಿದಂವ ನಾ. ನನಗ ಹುಡುಗರ ದೋಣಿ ಕೊಡಸ್ತಿಯೇನ?"

"ಅಲ್ರೀ, ನನ್ನ ಅವ್ವ ನನಗ ಕಸೂತಿ ಕಲಿಸುವಾಗ ಮೊದಲ ದಿನಾನ ತೇರು ಹಾಕಿಸಿದ್ಲೇನು? ತಿಂಗಳುಗಟ್ಟಲೆ ಬರೇ ಗವಂತಿ ಹಾಕಿಸಿದ್ಲು. ತೇರು ಆಮ್ಯಾಲ ಬಂತು" ಎಂದೆ.

ಅಷ್ಟಕ್ಕೆ ಸುಮ್ಮನಾಗುವ ಜನವಲ್ಲ. ಆಗ ಮಗಳು ಫೋನಿನಲ್ಲಿ 'ತಾರಿಣಿ'ಯ ಸಂಗತಿ ಹೇಳಿದಳು. ನಮ್ಮ ನೌಕಾಪಡೆಯ 6 ಜನ ಹೆಣ್ಣುಮಕ್ಕಳು 2017ರ ಸೆಪ್ಟೆಂಬರಿನಲ್ಲಿ ಗೋವಾದಿಂದ ಹೊರಟು, ಭೂಮಿಯನ್ನೇ ಸುತ್ತಿ 2018ರ ಮೇ ತಿಂಗಳಲ್ಲಿ ಮರಳಿದ್ದು ಆ ದೋಣಿಯಲ್ಲಿ. ಉದ್ದ ಸುಮಾರು 56 ಅಡಿ, ಕಂಬ ಒಂದೇ! ಅದರ ಅಕ್ಕನಂತಿರುವ 'ಮ್ಹಾದೇಯಿ' 2009ರಲ್ಲಿ ನೌಕಾಪಡೆ ಸೇರಿದ್ದು. ಅದು ನಮ್ಮ ಖಾನಾಪುರ ತಾಲೂಕಿನಲ್ಲಿ ಹುಟ್ಟುವ ಮಹಾದಾಯಿ ಹೊಳೆಯ ಹೆಸರು. ಮಲಪ್ರಭೆ ಹುಟ್ಟುವುದೂ ಅದೇ ತಾಲೂಕಿನಲ್ಲಿ. ಒಬ್ಬಳು ಪಶ್ಚಿಮಕ್ಕೆ ಸಮುದ್ರಕ್ಕೆ ಹೋದಳು, ಒಬ್ಬಳು ಸವದತ್ತಿ, ರಾಮದುರ್ಗದ ಕಡೆ ನಮ್ಮಲ್ಲಿಗೆ ಬಂದಳು. ಇವರು ಬಹಳ ಹೊತ್ತು ಯೋಚಿಸಿ, "ಆತು, ಸಣ್ಣದ ತರಸು" ಎಂದರು.

ಹಣದ ವಿಷಯ ಒಂದು ಮಾತು. ಹೊರದೇಶದ ಕಿಟ್‌ಗೆ ಡಬ್ಬಿಯ ಬೆಲೆ ಮಾತ್ರ ನೋಡಬೇಡಿ. ಸಾಗಣೆ ಮತ್ತು ಕಸ್ಟಮ್ಸ್ ಸುಂಕ ಬೇರೆ ಬೀಳುತ್ತದೆ. ಕೊಳ್ಳುವ ಮೊದಲು ಮಾಡುವ ಕ್ರಮದ ಪುಸ್ತಕ ಫೋನಿನಲ್ಲಿ ಸಿಗುತ್ತದೆಯೋ ನೋಡಿ. ಹೆಜ್ಜೆಹೆಜ್ಜೆಗೂ ಫೋಟೋ ಇದ್ದರೆ ಇಂಗ್ಲಿಷ್ ಬಾರದವರಿಗೂ ಮುಕ್ಕಾಲು ಅರ್ಥವಾಗುತ್ತದೆ. ಬರೀ ನಕ್ಷೆ ಇದ್ದರೆ ಬಿಟ್ಟುಬಿಡಿ. ಹತಾರಗಳಿಗೆ ಹೆಚ್ಚು ಖರ್ಚು ಬೇಡ: ಒಂದು ಚೂಪು ಚಾಕು, ಎರಡು ಮೂರು ನಮೂನೆ ಪಾಲಿಶ್ ಪೇಪರು, ಚಿಮಟಿಗೆ, ಫೆವಿಕಾಲು. ತಟ್ಟನೆ ಹಿಡಿಯುವ ಫೆವಿಕ್ವಿಕ್ ಮೊದಲು ಬೇಡವೇ ಬೇಡ. ಓರೆಯಾಗಿ ಕೂತ ಪಟ್ಟಿಯನ್ನು ಸರಿಪಡಿಸಲು ಅದು ಪುರುಸೊತ್ತೇ ಕೊಡುವುದಿಲ್ಲ. ಕಿತ್ತೂರಿನಲ್ಲಿರುವ ಇವರ ಗೆಳೆಯರೊಬ್ಬರು ಬಡಿಗತನದವರು. ಅವರು ಕಲಿಸಿದ ಉಪಾಯ: ಪಟ್ಟಿಯನ್ನು ನೀರಿನಲ್ಲಿ ನೆನೆಹಾಕಿ, ಮೆಲ್ಲಗೆ ಬಗ್ಗಿಸಿ, ಕಟ್ಟಿಟ್ಟು ಒಣಗಿಸಿ, ಆಮೇಲೆ ಅಂಟಿಸುವುದು. ಹಸಿಯಾಗಿ ಅಂಟಿಸಿದರೆ ಒಣಗಿದಾಗ ಮುದುಡಿ ಸಂದು ಬಿಡುತ್ತದೆ.

ನವೆಂಬರಿನಲ್ಲಿ ಡಬ್ಬಿ ಬಂತು. ದೋಣಿ ಎಂದರೆ ಹೇಗಿರುತ್ತದೆಂದು ಮುಟ್ಟಿ ನೋಡಬೇಕೆಂದು ಇವರು ಒಂದು ಬೆಳಿಗ್ಗೆ ಸವದತ್ತಿಯ ಬಸ್ಸು ಹತ್ತಿ ನವಿಲುತೀರ್ಥದ ಆಣೆಕಟ್ಟಿನ ಹಿನ್ನೀರಿಗೆ ಹೋಗಿಬಂದರು. ಅಲ್ಲಿ ಮೀನುಗಾರರ ದುಂಡನೆಯ ಹರಿಗೋಲು ಕಂಡು, "ಇದಕ್ಕ ಮೂತಿನೇ ಇಲ್ಲ, ಕಟ್ಟೂದು ಸಸಾರ" ಎಂದು ನಗುತ್ತ ಬಂದರು. ಸಸಾರವಲ್ಲವೆಂದು ಆ ಮೀನುಗಾರರು ಹೇಳಿಯಾರು!

ಕೌಂಡಿನ್ಯ ಡಿಸೆಂಬರ್ 29ರಂದು ಪೋರಬಂದರು ಬಿಟ್ಟಾಗ ನಮ್ಮ ಡೋರಿಗೆ ಇನ್ನೂ ಪಕ್ಕದ ಹಲಗೆ ಬಂದಿರಲಿಲ್ಲ. ಜನವರಿಯಲ್ಲಿ ಅದು ಮಸ್ಕತ್ ತಲುಪಿದ ಸುದ್ದಿ ಟಿ.ವಿ.ಯಲ್ಲಿ ಬಂದಾಗ ಇವರು ತಲೆ ಎತ್ತದೆ, "ತಡೀ, ಅಂಟು ಒಣಗಲಿ" ಎಂದರು. ನಾನು ನೋಡಿದ್ದು ಟಿ.ವಿ.ಯನ್ನಲ್ಲ, ಆ ಬೆರಳುಗಳನ್ನು. ಯುಗಾದಿಯ ಹೊತ್ತಿಗೆ ದೋಣಿ ಮುಗಿಯಿತು. ಎಡಬದಿ ಒಂದು ಎಳೆಯಷ್ಟು ಉಬ್ಬಿದೆ. ಬಂದವರಿಗೆಲ್ಲ ಇವರೇ ಮೊದಲು ಅದನ್ನು ತೋರಿಸಿ, ಯಾಕೆ ಉಬ್ಬಿತೆಂದು ಅರ್ಧ ತಾಸು ವಿವರಿಸುತ್ತಾರೆ. ಚಹಾ ಆರುತ್ತದೆ.

ಎರಡನೆಯ ಡಬ್ಬಿ ಈಗ ಬಂದಿದೆ. ಅದರ ಹಾಯಿಗೆಂದು ನನ್ನ ತವರು ರಾಮದುರ್ಗದಿಂದ ನೇಕಾರರ ಮನೆಯ ಸಣ್ಣ ನೂಲು ತರಿಸಿ ಮೇಣ ಹಚ್ಚಿಟ್ಟಿದ್ದೇನೆ. ಪಟ್ಟಿ ಹಿಡಿದಿಡಲು ತಂತಿಯ ಮೇಲಿನ ಬಟ್ಟೆ ಕ್ಲಿಪ್ಪುಗಳೆಲ್ಲ ಮತ್ತೆ ಇವರ ಮೇಜು ಸೇರಿವೆ. ನಾಳೆಯ ಸಂತೆಯಲ್ಲಿ ಇನ್ನೆರಡು ಡಜನ್ ತರಬೇಕು.