ಅಪ್ಪನಿಗೆ ತಂದ ಸ್ಲೀಪಿಂಗ್ ಬ್ಯಾಗ್

ಹೋದ ವರ್ಷ ಡಿಸೆಂಬರ್ ಮೊದಲ ವಾರ. ಬೀದರದ ಬಾಡಿಗೆ ಖೋಲಿಯಲ್ಲಿ ಕಿಟಕಿ ಬಾಗಿಲು ಹಾಕಿಕೊಂಡು ಎರಡು ಚಾದರ ಹೊದ್ದರೂ ನನ್ನ ಕಾಲು ಬೆಚ್ಚಗಾಗುತ್ತಿರಲಿಲ್ಲ. ಅದೇ ಹೊತ್ತಿಗೆ ಔರಾದ ತಾಲ್ಲೂಕಿನ ನಮ್ಮ ಹೊಲದಲ್ಲಿ ಅಪ್ಪ ಒಬ್ಬನೇ ಮಲಗಿದ್ದ.

ಹಳ್ಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಡಲೆ ಚಿಗುರಿದರೆ ನಸುಕಿನಲ್ಲಿ ಚಿಗರಿ ಹಿಂಡು, ತೊಗರಿ ಕಾಯಿ ಕಟ್ಟಿದರೆ ನಡುರಾತ್ರಿ ಹಂದಿ. ಮೋಟರಿಗೆ ಕರೆಂಟು ಬರುವುದೂ ಎಷ್ಟೋ ಸಲ ರಾತ್ರಿಯೇ. ಹೊಲದಲ್ಲಿ ಒಬ್ಬರು ಇರಲೇಬೇಕು. ನಾನು ಓದಿ ಬೀದರ ಸೇರಿದ ಮೇಲೆ ಆ ಒಬ್ಬರು ಅಪ್ಪನೇ. ಅವನಿಗೆ ಅರವತ್ತರ ಹತ್ತಿರ. ಚಳಿಗಾಲ ಬಂತೆಂದರೆ ಕೆಮ್ಮು.

ಆ ರಾತ್ರಿಯೇ ಮೊಬೈಲಿನಲ್ಲಿ ಹುಡುಕಿ ಒಂದು ಸ್ಲೀಪಿಂಗ್ ಬ್ಯಾಗ್ ತರಿಸಿದೆ. ಬೆಲೆ 1,100 ರೂಪಾಯಿ. ಫೋಟೋದಲ್ಲಿ ಹಿಮದ ಗುಡ್ಡ ಇತ್ತು, ಪಕ್ಕದಲ್ಲಿ ‘0 ಡಿಗ್ರಿ’ ಎಂದು ಬರೆದಿತ್ತು. ಸೊನ್ನೆ ಡಿಗ್ರಿಗೆ ನಡೆದರೆ ನಮ್ಮ ಹೊಲಕ್ಕೆ ನಡೆಯದೇ ಇರುತ್ತದೆಯೇ ಎಂದುಕೊಂಡೆ. ಊರಿಗೆ ಹೋಗುವವರ ಕೈಯಲ್ಲಿ ಕೊಟ್ಟು ಕಳಿಸಿದೆ.

ಮರುದಿನ ಫೋನ್ ಮಾಡಿದಾಗ ಅಪ್ಪ, “ಭಾಳ ಬೆಚ್ಚಗದ ಮಗಾ. ನೀ ಕಾಳಜಿ ಮಾಡಬ್ಯಾಡ” ಅಂದ. ನನಗೆ ಹಿಗ್ಗೋ ಹಿಗ್ಗು. ಗೆಳೆಯರ ಮುಂದೆಲ್ಲ ಹೇಳಿಕೊಂಡೆ.

ಎಳ್ಳ ಅಮಾಸಿಗೆ ಊರಿಗೆ ಹೋದೆ. ಹೊಲದಲ್ಲಿ ಭಜ್ಜಿ, ಅಂಬಲಿ ಊಟ ಮುಗಿಸಿ ಕೂತಿದ್ದಾಗ ಪಕ್ಕದ ಹೊಲದ ಕಾಕಾ ನಕ್ಕ. “ನಿಮ್ಮಪ್ಪ ಆ ಚೀಲದಾಗ ಒಂದೇ ರಾತ್ರಿ ಮಲಗ್ಯಾನ ನೋಡು. ನಡುರಾತ್ರಿ ನಡುಗ್ಕೋತ ನನ್ನ ಗುಡಿಸಲಕ್ಕ ಬಂದಿದ್ದ. ಬೆಳತನ ಬೆಂಕಿ ಕಾಯಿಸ್ಕೋತ ಕುಂತೀವಿ.”

ಮನೆಗೆ ಬಂದು ಟ್ರಂಕು ತೆಗೆದು ನೋಡಿದರೆ ಬ್ಯಾಗು ಪ್ಲಾಸ್ಟಿಕ್ ಕವರಿನಲ್ಲಿ ಹೊಸದರಂತೆ ಮಡಚಿ ಕೂತಿತ್ತು. ಕೇಳಿದ್ದಕ್ಕೆ ಅಪ್ಪ, “ನೀ ದುಡದ ರೊಕ್ಕ ಅದು. ಹೊಲದಾಗ ಮಣ್ಣಾಗ್ತದಂತ ಇಟ್ಟೀನಿ” ಅಂದ. ನನ್ನ ಮುಖ ನೋಡಲಿಲ್ಲ.

ಆ ರಾತ್ರಿ ಅಪ್ಪನನ್ನು ಮನೆಯಲ್ಲಿ ಮಲಗಿಸಿ, ಬ್ಯಾಗು ತೆಗೆದುಕೊಂಡು ನಾನೇ ಹೊಲಕ್ಕೆ ಹೋದೆ. ಹನ್ನೊಂದು ಗಂಟೆವರೆಗೆ ಎಲ್ಲ ಚೆನ್ನಾಗಿತ್ತು. ಆಮೇಲೆ ಬೆನ್ನು ತಣ್ಣಗಾಗತೊಡಗಿತು. ಮಗ್ಗುಲಾದರೆ ಮಗ್ಗುಲು ತಣ್ಣಗೆ. ಒಂದು ಗಂಟೆಗೆ ಬ್ಯಾಗಿನ ಮೇಲ್ಭಾಗ ಇಬ್ಬನಿಗೆ ತೊಯ್ದಿತ್ತು. ಎರಡಕ್ಕೆ ನಾಯಿ ಬೊಗಳಿತು. ಎದ್ದೇಳಬೇಕೆಂದರೆ ಜಿಪ್ಪು ಬಟ್ಟೆಗೆ ಕಚ್ಚಿಕೊಂಡು ನಿಂತಿದೆ. ಮೂಟೆಯೊಳಗಿನ ಕೋಳಿಯಂತೆ ಒದ್ದಾಡಿ ಹೊರಗೆ ಬರುವಷ್ಟರಲ್ಲಿ ಹಂದಿಗಳು ತಮ್ಮ ಕೆಲಸ ಮುಗಿಸಿ ನಾಲಾ ದಾಟಿದ್ದವು.

ಬೆಳಗ್ಗೆ ಅಪ್ಪ ಚಹಾ ತಂದ. “ಬೆಚ್ಚಗಿತ್ತೇನು?” ಅಂತ ಕೇಳಿದ.

“ಭಾಳ ಬೆಚ್ಚಗಿತ್ತು” ಅಂದೆ. ಇಬ್ಬರೂ ನಕ್ಕೆವು. ಅವನಿಗೆ ನಗುವಿನ ಹಿಂದೆಯೇ ಕೆಮ್ಮು ಬಂತು. ಆ ಕೆಮ್ಮಿನಲ್ಲಿ ನನ್ನ ಬ್ಯಾಗಿನ ಪಾಲೂ ಇತ್ತಲ್ಲ ಎಂದು ಕೆಡುಕೆನಿಸಿತು.

ಎಲ್ಲಿ ತಪ್ಪಿದೆ ಎಂದು ತಿಳಿದದ್ದು ಮುಂದಿನ ವಾರ, ಭಾಲ್ಕಿ ಕಡೆ. ಕಬ್ಬು ಕಡಿಯಲು ಮಹಾರಾಷ್ಟ್ರದಿಂದ ಬಂದ ಗ್ಯಾಂಗಿನವರ ಬಗ್ಗೆ ಬರೆಯಲು ಹೋಗಿದ್ದೆ. ಅವರದು ಹೊಲದ ಬದಿಯಲ್ಲಿ ತಾಡಪತ್ರಿಯ ಗುಡಿಸಲು. ಚಳಿಗಾಲವೆಲ್ಲ ಅಲ್ಲೇ ಮಲಗಬೇಕು, ಮಕ್ಕಳೂ ಅಲ್ಲೇ. ಒಬ್ಬ ಅಜ್ಜಿ ಹಾಸಿಗೆ ಎತ್ತಿ ತೋರಿಸಿದಳು. ಕೆಳಗೆ ಒಂದು ಗೇಣು ದಪ್ಪ ಒಣ ಕಬ್ಬಿನ ರವದಿ, ಅದರ ಮೇಲೆ ಚೀಲ, ಅದರ ಮೇಲೆ ಹಳೆ ಸೀರೆಯ ಗೋಧಡಿ. ಮರಾಠಿ ಬೆರೆತ ಕನ್ನಡದಲ್ಲಿ ಅವಳು ಹೇಳಿದ್ದರ ಸಾರ ಇಷ್ಟು: ಥಂಡಿ ಮೇಲಿಂದ ಬರುವುದಕ್ಕಿಂತ ಕೆಳಗಿಂದ ಹೆಚ್ಚು ಬರುತ್ತದೆ.

ನನ್ನ ಮುತ್ಯಾನೂ ಕಣಿಕಿ ಹಾಸಿಕೊಂಡೇ ಮಲಗುತ್ತಿದ್ದ. ನಾನು ಅದನ್ನು ಬಡತನ ಅಂದುಕೊಂಡಿದ್ದೆ.

ಆಮೇಲೆ ಓದಿ, ಕೇಳಿ ತಿಳಿದುಕೊಂಡೆ. ಬ್ಯಾಗಾಗಲಿ ಕೌದಿಯಾಗಲಿ ಶಾಖ ಹುಟ್ಟಿಸುವುದಿಲ್ಲ. ಶಾಖ ನಮ್ಮ ಮೈಯದು. ಒಳಗಿನ ಹತ್ತಿ, ಫೈಬರಿನ ನಡುವೆ ನಿಂತ ಗಾಳಿ ಅದನ್ನು ಹಿಡಿದಿಡುತ್ತದೆ, ಅಷ್ಟೇ. ನಾವು ಮೇಲೆ ಮಲಗಿದಾಗ ಬೆನ್ನ ಕೆಳಗಿನ ಫೈಬರ್ ಅಪ್ಪಚ್ಚಿಯಾಗಿ ಗಾಳಿ ಹೊರಟುಹೋಗುತ್ತದೆ. ಆಗ ಬೆನ್ನಿನ ಶಾಖವನ್ನು ನೆಲ ಎಳೆದುಕೊಳ್ಳುತ್ತದೆ.

ಇನ್ನು ಆ ‘0 ಡಿಗ್ರಿ’ಯ ಸಂಗತಿ. ಐಎಸ್‌ಒ 23537 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಪರೀಕ್ಷೆಯಾದ ಬ್ಯಾಗಿನ ಮೇಲೆ ಕಂಫರ್ಟ್, ಲಿಮಿಟ್, ಎಕ್ಸ್‌ಟ್ರೀಮ್ ಎಂಬ ಅಂಕಿಗಳಿರುತ್ತವೆ. ಆರಾಮ ನಿದ್ದೆಗೆ ಕಂಫರ್ಟ್. ಮುದುರಿಕೊಂಡು ಹೇಗೋ ರಾತ್ರಿ ಕಳೆಯಲು ಲಿಮಿಟ್. ಎಕ್ಸ್‌ಟ್ರೀಮ್ ಎಂದರೆ ಜೀವ ಉಳಿಸಿಕೊಳ್ಳುವ ಮಾತು, ನಿದ್ದೆಯದಲ್ಲ. ನಾನು ತಂದ ಬ್ಯಾಗಿನ ಸೊನ್ನೆ ಇದರಲ್ಲಿ ಯಾವುದು ಎಂದು ಎಲ್ಲೂ ಬರೆದಿರಲಿಲ್ಲ. ನಾನೂ ಕೇಳಿರಲಿಲ್ಲ.

ಬೀದರ ಸಮುದ್ರಮಟ್ಟದಿಂದ 600 ಮೀಟರಿಗಿಂತ ಎತ್ತರದಲ್ಲಿದೆ. ಚಳಿಗಾಲದಲ್ಲಿ ಆಕಾಶದಲ್ಲಿ ಮೋಡವಿಲ್ಲದಿದ್ದರೆ ನೆಲದ ಶಾಖ ತಡೆಯಿಲ್ಲದೆ ಮೇಲಕ್ಕೆ ಹೋಗುತ್ತದೆ, ರಾತ್ರಿ 10 ಡಿಗ್ರಿಗಿಂತ ಕೆಳಗೆ ಇಳಿಯುವುದುಂಟು. ತಣ್ಣನೆ ಗಾಳಿ ಭಾರ, ನೀರಿನಂತೆ ತಗ್ಗಿಗೆ ಹರಿದು ನಿಲ್ಲುತ್ತದೆ. ಅಪ್ಪನ ಗುಡಿಸಲು ಇದ್ದದ್ದು ನಾಲಾದ ಪಕ್ಕದ ತಗ್ಗಿನಲ್ಲೇ!

ಹೊಲಕ್ಕೆ ಬ್ಯಾಗು ಕೊಳ್ಳುವವರಿದ್ದರೆ ನಾನು ಪೆಟ್ಟು ತಿಂದು ಕಲಿತದ್ದು ಇದು. ಕಂಫರ್ಟ್ ಅಂಕಿಯನ್ನೇ ನೋಡಿ. ವಯಸ್ಸಾದವರಿಗೆ 5 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆಯದು ಇರಲಿ. ಬಾತುಕೋಳಿ ಪುಕ್ಕದ ಬ್ಯಾಗು ಹಗುರ, ಬೆಚ್ಚಗೆ, ಆದರೆ ತುಟ್ಟಿ, ತೊಯ್ದರೆ ಮುದ್ದೆಯಾಗುತ್ತದೆ. ಇಬ್ಬನಿ ಬೀಳುವ ಹೊಲಕ್ಕೆ ಫೈಬರಿನದೇ ಸರಿ. ಕಾಲ ಕಡೆ ಚೂಪಾದ ಬ್ಯಾಗು ಗುಡ್ಡ ಹತ್ತುವವರಿಗೆ. ಹಂದಿ ಓಡಿಸಲು ಏಳಬೇಕಾದವರಿಗೆ ಚೌಕಾಕಾರದ, ಜಿಪ್ಪು ಪೂರ್ತಿ ಬಿಚ್ಚಿ ರಜಾಯಿಯಂತೆ ಹೊದೆಯುವಂಥದು ಬೇಕು. ಒಳಗೆ ಕಾಲಿಡುವ ಮೊದಲು ತಿರುವಿ ಝಾಡಿಸಿ, ಚೇಳು-ಹಾವಿನ ಭಯ ಇದ್ದೇ ಇದೆ. ಬೆಳಗ್ಗೆ ಬಿಸಿಲಿಗೆ ಹಾಕಿ. ಮುಚ್ಚಿದ ಗುಡಿಸಲೊಳಗೆ ಕೆಂಡ ಇಟ್ಟುಕೊಂಡು ಮಾತ್ರ ಮಲಗಬೇಡಿ. ಅದರ ವಿಷಗಾಳಿಗೆ ವಾಸನೆ ಇಲ್ಲ, ಮಲಗಿದವರು ಏಳದೇ ಹೋಗಬಹುದು.

ಎಲ್ಲಕ್ಕಿಂತ ಮೊದಲು, ಯಾರು ಮಲಗಬೇಕೋ ಅವರನ್ನು ಕೇಳಿ. ನಾನು ಕೇಳಿರಲಿಲ್ಲ. ಹೊಲಕ್ಕೆ ಹೋಗಲಾಗದ ತಪ್ಪನ್ನು ಒಂದು ಪಾರ್ಸಲ್ಲಿನಲ್ಲಿ ತೀರಿಸಲು ನೋಡಿದ್ದೆ.

ಈ ವರ್ಷ ಅಪ್ಪನನ್ನೇ ಬೀದರಕ್ಕೆ ಕರೆಸಿದೆ. ಗವಾನ್ ಚೌಕಿನ ಹತ್ತಿರದ ಅಂಗಡಿಯೊಂದರಲ್ಲಿ ಅವನು ಧೋತರ ಸರಿಪಡಿಸಿಕೊಂಡು, ಜನ ನೋಡುತ್ತಿದ್ದರೂ ಬ್ಯಾಗಿನೊಳಗೆ ಇಳಿದು ಮಲಗಿದ. ಹತ್ತು ಸಲ ಜಿಪ್ಪು ಎಳೆದ. “ಇದು ಬ್ಯಾಡ, ಹಲ್ಲು ಹಿಡೀತದ” ಎಂದು ಎರಡನ್ನು ಬಿಟ್ಟ. ಮೂರನೆಯದು ಒಪ್ಪಿದ. ಜೊತೆಗೆ ಒಂದು ಫೋಮ್ ಹಾಳೆ ಕೊಂಡೆವು.

ಗುಡಿಸಲನ್ನು ತಗ್ಗಿನಿಂದ ಬದುವಿನ ಮೇಲಕ್ಕೆ ತಂದೆವು. ಈಗ ಕೆಳಗೆ ಗೇಣು ದಪ್ಪ ಕಣಿಕಿ, ಅದರ ಮೇಲೆ ಫೋಮ್, ಆಮೇಲೆ ಬ್ಯಾಗು, ಎಲ್ಲಕ್ಕೂ ಮೇಲೆ ಅವ್ವ ಹೊಲಿದ ಕೌದಿ. ಶನಿವಾರ ರಾತ್ರಿಯ ಕಾವಲು ನನ್ನದು.

ಮೊದಲ ರಾತ್ರಿ ಕಳೆದ ಮೇಲೆ ಫೋನ್ ಮಾಡಿ ಹೇಗಿತ್ತೆಂದು ಕೇಳಿದೆ.

“ಬೆನ್ನಿಗೇನೋ ಬೆಚ್ಚಗದ. ಮೂಗಿಗೆ ಮಾತ್ರ ಭಾಳ ಥಂಡಿ ಮಗಾ” ಅಂದ ಅಪ್ಪ.

ಈ ಸಲ ಅವನ ಮಾತು ನಂಬಿದೆ. ಬರುವ ಶನಿವಾರ ಹೋಗುವಾಗ ಒಂದು ಮಫ್ಲರ್ ಒಯ್ಯಬೇಕು.