ಸರೋದಿನ ಮೇಷ್ಟ್ರು ರಾಜೀವ ತಾರಾನಾಥರು

ಪಂಡಿತ ರಾಜೀವ ತಾರಾನಾಥರು ಮೈಸೂರಿನಲ್ಲಿ ನಿಧನರಾದದ್ದು 2024ರ ಜೂನ್ 11ರಂದು. ಆಗ ಅವರಿಗೆ ತೊಂಬತ್ತೊಂದು ವರ್ಷ. ತುಂಬು ಜೀವನ ನಡೆಸಿದವರ ಸಾವಿಗೆ ದುಃಖಿಸಬಾರದೆಂದು ಹಿರಿಯರು ಹೇಳುತ್ತಾರೆ. ಆದರೂ ಅಂದು ನನಗೆ ಯಾವ ಕೆಲಸದಲ್ಲೂ ಮನಸ್ಸು ನಿಲ್ಲಲಿಲ್ಲ. ನಾನು ಅವರ ಶಿಷ್ಯನಲ್ಲ. ಸರೋದಿನ ತಂತಿಯನ್ನು ಒಮ್ಮೆಯೂ ಮುಟ್ಟಿದವನಲ್ಲ. ಸಭೆಯ ಹಿಂದಿನ ಸಾಲಿನಲ್ಲಿ ಕುಳಿತು ಕೇಳಿದವನು, ಅಷ್ಟೆ. ಆದರೆ ಜೀವಮಾನವೆಲ್ಲ ಇಂಗ್ಲಿಷ್ ಪಾಠ ಹೇಳಿದ ನನಗೆ, ಅದೇ ಇಂಗ್ಲಿಷನ್ನು ಕಲಿಸುತ್ತಲೇ ಇನ್ನೊಂದು ವಿದ್ಯೆಗೆ ತಮ್ಮನ್ನು ತೆತ್ತುಕೊಂಡ ಅವರು ದೂರದಿಂದಲೇ ಗುರುಗಳಾಗಿದ್ದರು. (ಏಕಲವ್ಯನ ಹೆಸರೆತ್ತುವ ಧೈರ್ಯ ನನಗಿಲ್ಲ, ಅವನು ಬಿಲ್ಲನ್ನಾದರೂ ಹಿಡಿದಿದ್ದ.)

ಅವರು ಹುಟ್ಟಿದ್ದು 1932ರಲ್ಲಿ, ಬೆಂಗಳೂರಿನಲ್ಲಿ. ತಂದೆ ಪಂಡಿತ ತಾರಾನಾಥರು ರಾಯಚೂರಿನ ಹಮ್‌ದರ್ದ್ ಶಾಲೆಯ ಸ್ಥಾಪಕರು, ಪ್ರೇಮಾಯತನ ಆಶ್ರಮವನ್ನು ಕಟ್ಟಿದವರು, ವೈದ್ಯರು, ಸಂಗೀತಜ್ಞರು. ಮಗನಿಗೆ ಮೊದಲ ಸ್ವರಗಳನ್ನು ಹೇಳಿಕೊಟ್ಟವರೂ ಅವರೇ. 1942ರಲ್ಲಿ ತಂದೆ ತೀರಿಕೊಂಡರು. ಹುಡುಗ ಹಾಡುವುದನ್ನು ಬಿಡಲಿಲ್ಲ. ಇಪ್ಪತ್ತು ತುಂಬುವ ಮೊದಲೇ ಆಕಾಶವಾಣಿಯಲ್ಲಿ ಹಾಡುವಷ್ಟು ಹೆಸರು ಬಂದಿತ್ತು.

ಇಲ್ಲಿಯವರೆಗಿನದು ಅನೇಕ ಸಂಗೀತಗಾರರ ಕಥೆಯಂತೆಯೇ ಇದೆ. ಮುಂದಿನದು ಹಾಗಿಲ್ಲ. ಬೆಂಗಳೂರಿನಲ್ಲಿ ಒಮ್ಮೆ ಅವರು ಉಸ್ತಾದ್ ಅಲಿ ಅಕ್ಬರ್ ಖಾನರ ಸರೋದನ್ನು ಕೇಳಿದರು. ಅಷ್ಟು ಹೊತ್ತಿಗೆ ಕೈಗೆ ಬಂದಿದ್ದ ಗಾಯನವನ್ನು ಬದಿಗಿಟ್ಟು, 1955ರಲ್ಲಿ ಕಲ್ಕತ್ತೆಗೆ ಹೋಗಿ, ಆ ಉಸ್ತಾದರ ಮುಂದೆ ಮೊದಲಿನಿಂದ ಕಲಿಯಲು ಕುಳಿತರು. ಸರೋದು ಸುಲಭದ ವಾದ್ಯವೂ ಅಲ್ಲ. ಸಿತಾರಿಗೆ ಮೆಟ್ಟಿಲುಗಳಿವೆ, ಬೆರಳು ಎಲ್ಲಿ ನಿಲ್ಲಬೇಕೆಂಬುದನ್ನು ಅವು ತೋರಿಸುತ್ತವೆ. ಸರೋದಿನಲ್ಲಿರುವುದು ನುಣುಪಾದ ಲೋಹದ ಹಾಳೆ ಮಾತ್ರ. ಆ ಹಾಳೆಯ ಮೇಲೆ ತಂತಿಯನ್ನು ಎಡಗೈಯ ಉಗುರಿನಿಂದ ಒತ್ತಿ ಜಾರಿಸಬೇಕು, ಬಲಗೈಯಲ್ಲಿ ತೆಂಗಿನ ಚಿಪ್ಪಿನ ಪುಟ್ಟ ತುಂಡು ಹಿಡಿದು ಮೀಟಬೇಕು. ಸ್ವರ ಎಲ್ಲಿದೆ ಎಂಬುದನ್ನು ಕಣ್ಣು ಹೇಳದು, ಕಿವಿಯೇ ಹೇಳಬೇಕು. ಹೆಸರು ಮಾಡಿದ ಗಾಯಕನೊಬ್ಬ ಅಂಥ ವಾದ್ಯದ ಮುಂದೆ ಅ, ಆ, ಇ, ಈ ತಿದ್ದುವ ಬಾಲಕನಂತೆ ಕೂರಬೇಕಾದರೆ ಎಷ್ಟು ಹಮ್ಮನ್ನು ಕಳಚಿಡಬೇಕು! ನನ್ನ ಮಟ್ಟಿಗೆ ಅವರ ದೊಡ್ಡತನವಿರುವುದು ಇಲ್ಲಿಯೇ, ಆಮೇಲೆ ಬಂದ ಪದ್ಮಶ್ರೀ ಮುಂತಾದ ಗೌರವಗಳಲ್ಲಿ ಅಲ್ಲ.

ಇದೆಲ್ಲದರ ನಡುವೆ ಇಂಗ್ಲಿಷ್ ಅಧ್ಯಾಪನವೂ ಸಾಗಿತ್ತು. ಟಿ. ಎಸ್. ಎಲಿಯಟ್ಟನ ಕಾವ್ಯವನ್ನು ಕುರಿತು ಮಹಾಪ್ರಬಂಧ ಬರೆದು ಮೈಸೂರು ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದರು. ಅಡಿಗರು, ಅನಂತಮೂರ್ತಿಯವರು ಇದ್ದ ನವ್ಯದ ಬಳಗದಲ್ಲಿ ಅವರೂ ಒಬ್ಬರಾಗಿದ್ದರು. 1970ರ ‘ಸಂಸ್ಕಾರ’ ಚಿತ್ರಕ್ಕೆ ಸಂಗೀತ ನೀಡಿದವರು ಇವರೇ ಎಂಬುದು ಆ ಚಿತ್ರವನ್ನು ನೋಡಿದ ಬಹಳ ಮಂದಿಗೆ ನೆನಪಿರಲಾರದು. ಮುಂದೆ ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಮತ್ತು ವಿದೇಶೀ ಭಾಷೆಗಳ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದವರು ಆ ಹುದ್ದೆಯನ್ನೂ ಬಿಟ್ಟು ಪೂರ್ತಿಯಾಗಿ ಸಂಗೀತಕ್ಕೆ ಬಂದುಬಿಟ್ಟರು.

ಈ ಸಂಗತಿಯನ್ನು ನಾನು ತರಗತಿಯಲ್ಲಿ ಎಷ್ಟು ಬಾರಿ ಹೇಳಿದ್ದೇನೆಂದು ನನ್ನ ಹಳೆಯ ವಿದ್ಯಾರ್ಥಿಗಳು ಬಲ್ಲರು. ಒಮ್ಮೆ ಅದು ತರಗತಿಯ ಹೊರಗೂ ಕೆಲಸಕ್ಕೆ ಬಂತು, ಅಥವಾ ಬರಲಿಲ್ಲ. ಚೆನ್ನಾಗಿ ಪಿಟೀಲು ನುಡಿಸುತ್ತಿದ್ದ ಹುಡುಗನೊಬ್ಬ ಇಂಜಿನಿಯರಿಂಗ್ ಬೇಡ, ಸಂಗೀತವೇ ಸಾಕು ಎಂದು ಹಟ ಹಿಡಿದ. ಅವನ ತಂದೆ ನಮ್ಮ ಮನೆಗೆ ಬಂದರು. ನಾನು ಉತ್ಸಾಹದಿಂದ ರಾಜೀವ ತಾರಾನಾಥರ ಕಥೆಯನ್ನು ವಿಸ್ತಾರವಾಗಿ ಹೇಳಿದೆ. ಅವರು ಕಾಫಿ ಲೋಟ ಕೆಳಗಿಟ್ಟು, “ಮೇಷ್ಟ್ರೇ, ಅವರ ಕೈಲಿ ಡಾಕ್ಟರೇಟ್ ಇತ್ತು. ಸರೋದು ಅನ್ನ ಹಾಕದಿದ್ದರೆ ಕಾಲೇಜಿಗೆ ವಾಪಸು ಹೋಗಬಹುದಿತ್ತು. ನಮ್ಮ ಹುಡುಗನ ಕೈಲಿ ಏನಿದೆ, ನೀವೇ ಹೇಳಿ” ಎಂದರು. ಗುಮಾಸ್ತೆಯ ಸಂಬಳದಲ್ಲಿ ಮೂವರು ಮಕ್ಕಳನ್ನು ಓದಿಸುತ್ತಿದ್ದವರು ಕೇಳಿದ ಪ್ರಶ್ನೆ ಅದು. ನ್ಯಾಯವಾದ ಪ್ರಶ್ನೆ. ನನ್ನಲ್ಲಿ ಉತ್ತರವಿರಲಿಲ್ಲ, ಇಂದಿಗೂ ಇಲ್ಲ. ಕಲ್ಕತ್ತೆಗೆ ಹೊರಟಾಗ ಆ ಯುವಕನ ಬಳಿ ಇನ್ನೂ ಡಾಕ್ಟರೇಟ್ ಇರಲಿಲ್ಲವೆಂದು ವಾದಿಸಬಹುದಿತ್ತು. ಆದರೆ ಹೆತ್ತವರ ಅಂಜಿಕೆಯನ್ನು ವಾದದಿಂದ ಕಳೆಯಲಾಗುವುದಿಲ್ಲ. ಹುಡುಗ ಇಂಜಿನಿಯರಾದ.

ಪ್ರಾಧ್ಯಾಪಕ ಹುದ್ದೆಯನ್ನು ಬಿಟ್ಟರೂ ಮೇಷ್ಟ್ರುತನ ರಾಜೀವ ತಾರಾನಾಥರನ್ನು ಬಿಡಲಿಲ್ಲ. 1989ರಿಂದ 1992ರವರೆಗೆ ಫೋರ್ಡ್ ಪ್ರತಿಷ್ಠಾನದ ನೆರವಿನಿಂದ ಅವರು ಅಧ್ಯಯನ ಮಾಡಿದ ವಿಷಯವೂ ತಮ್ಮ ಮೈಹರ್ ಘರಾಣೆಯಲ್ಲಿ ಪಾಠ ಹೇಳುವ ಕ್ರಮವೇ! ಆಮೇಲೆ 1995ರಿಂದ 2005ರವರೆಗೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕಲಾ ವಿದ್ಯಾರ್ಥಿಗಳಿಗೆ ಹಿಂದೂಸ್ತಾನಿ ಸಂಗೀತ ಕಲಿಸಿದರು. ಮೈಸೂರಿನಲ್ಲಿ ನೆಲೆಸಿದ ಮೇಲೂ ಕಲಿಯಲು ಬರುವವರು ನಿಲ್ಲಲಿಲ್ಲ. ಇಷ್ಟಾದರೂ, ಅಲಿ ಅಕ್ಬರ್ ಖಾನರು 2009ರ ಜೂನಿನಲ್ಲಿ ಕಣ್ಮುಚ್ಚುವವರೆಗೆ ಅವರು ತಮ್ಮ ಗುರುವಿಗೆ ಶಿಷ್ಯರಾಗಿಯೇ ಉಳಿದರು. ಆಗ ಅವರಿಗೆ ಎಪ್ಪತ್ತಾರು ವರ್ಷ. ಆ ವಯಸ್ಸಿಗೆ ನಾವು ಸಾಮಾನ್ಯವಾಗಿ ಊರಿಗೆಲ್ಲ ಬುದ್ಧಿ ಹೇಳಲು ಹೊರಟಿರುತ್ತೇವೆ. ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಅವರು ತೀರಿಕೊಂಡ ರಾತ್ರಿ ಆ ಇಂಜಿನಿಯರ್ ಹುಡುಗ ಪುಣೆಯಿಂದ ಫೋನು ಮಾಡಿದ. ಹುಡುಗನೆಂದೆ, ಅವನಿಗೀಗ ನಲವತ್ತು ದಾಟಿದೆ. ಭಾನುವಾರಗಳಲ್ಲಿ ಪಿಟೀಲು ಹಿಡಿಯುತ್ತಾನಂತೆ, ಮಗಳಿಗೂ ಶುರುಮಾಡಿಸಿದ್ದಾನಂತೆ. “ಸಾರ್, ನೀವು ಅಷ್ಟು ಹೇಳುತ್ತಿದ್ದಿರಿ, ನಾನು ಇದುವರೆಗೆ ಅವರನ್ನು ಸರಿಯಾಗಿ ಕೇಳಿಲ್ಲ, ಎಲ್ಲಿಂದ ಶುರುಮಾಡಲಿ?” ಎಂದು ಕೇಳಿದ. ಯಾವ ರಾಗವಾದರೂ ಸರಿ, ಮೊದಲ ಆಲಾಪ ಮುಗಿಯುವವರೆಗೆ ಎದ್ದುಹೋಗಬೇಡ, ಮಗಳನ್ನೂ ಪಕ್ಕದಲ್ಲಿ ಕೂರಿಸಿಕೋ ಎಂದೆ. ಮಗು ಅಷ್ಟು ಹೊತ್ತು ಸುಮ್ಮನೆ ಕೂರುವುದಿಲ್ಲ ಸಾರ್ ಎಂದು ನಕ್ಕ. ಒಂಬತ್ತನೆಯ ತರಗತಿಯಲ್ಲಿ ನೀನೂ ಕೂರುತ್ತಿರಲಿಲ್ಲ ಎಂದೆ.