ವಿಕ್ಸ್ ಡಬ್ಬಿ

ಹೋದ ವರ್ಷ ಐದಾರು ತಿಂಗಳು ಇಲ್ಲಿ ಒಂದಕ್ಷರ ಬರೆದಿರಲಿಲ್ಲ. ಕೆಲಸ ಜಾಸ್ತಿ ಅಂತ ಎಲ್ಲರಿಗೂ ಹೇಳಿದ್ದೆ. ಅದು ಸುಳ್ಳು. ಡಿಪ್ರೆಶನ್ ಆಗಿತ್ತು. ಬೆಳಿಗ್ಗೆ ಎದ್ದು ಹಲ್ಲುಜ್ಜೋದೇ ಒಂದು ದೊಡ್ಡ ಪ್ರಾಜೆಕ್ಟ್ ಥರ ಕಾಣ್ತಿತ್ತು. ಡಾಕ್ಟರ ಹತ್ರ ಹೋದೆ, ಮಾತ್ರೆ ಶುರುವಾಯ್ತು.

ಒಂದು ಸಲ ಡಾಕ್ಟರು, "ನೀವು ಖುಷಿಯಾಗಿದ್ದ ಯಾವುದಾದ್ರೂ ಒಂದು ದಿನದ ಬಗ್ಗೆ ಹೇಳಿ" ಅಂದ್ರು. "ಚಿಕ್ಕವನಿದ್ದಾಗ ಅಜ್ಜಿ ಮನೇಲಿ ಚೆನ್ನಾಗಿರ್ತಿತ್ತು" ಅಂದೆ. "ಹಾಗಲ್ಲ, ಒಂದೇ ಒಂದು ದಿನ" ಅಂದ್ರು. ಎಷ್ಟು ತಡಕಿದರೂ ಒಂದು ದಿನವೂ ಕೈಗೆ ಸಿಗಲಿಲ್ಲ. ಫೋಲ್ಡರಿಗೆ ಹೆಸರಿದೆ, ತೆರೆದರೆ ಒಳಗೆ ಫೈಲೇ ಇಲ್ಲ. ಖಿನ್ನತೆಯಲ್ಲಿ ಹೀಗಾಗೋದು ಮಾಮೂಲಂತೆ. ನನಗೆ ಮಾತ್ರ ಅಜ್ಜಿ ಇನ್ನೊಮ್ಮೆ ಸತ್ತಷ್ಟು ಸಂಕಟವಾಯ್ತು.

ಈ ಮಧ್ಯೆ ಅಕ್ಕ ಒಂದು ಡಿಫ್ಯೂಸರ್, ಜೊತೆಗೆ ಲ್ಯಾವೆಂಡರ್ ಎಣ್ಣೆ ಕಳಿಸಿದಳು. ಅರೋಮಾಥೆರಪಿ! (ಫ್ರಾನ್ಸಿನ ಗಟ್ಟೆಫೊಸೆ ಅನ್ನೋ ರಸಾಯನಶಾಸ್ತ್ರಜ್ಞ 1937ರಲ್ಲಿ ಇದೇ ಹೆಸರಿನ ಪುಸ್ತಕ ಬರೆದಿದ್ದಾನೆ.) ನಿದ್ದೆ ಸ್ವಲ್ಪ ಬೇಗ ಬಂತು, ಇಲ್ಲ ಅನ್ನಲ್ಲ. ಮನಸ್ಸು ಮಾತ್ರ ಇದ್ದಲ್ಲೇ ಇತ್ತು. ಲ್ಯಾವೆಂಡರಿಗೂ ನನಗೂ ಏನು ಸಂಬಂಧ? ನನಗೆ ಆ ವಾಸನೆ ಗೊತ್ತಿದ್ದಿದ್ದೇ ನೆಲ ಒರೆಸೋ ಫಿನಾಯಿಲಿನಿಂದ :-)

ಆಮೇಲೊಂದು ರಾತ್ರಿ ರೂಮ್‌ಮೇಟು ನೆಗಡಿ ಅಂತ ವಿಕ್ಸ್ ಡಬ್ಬಿ ತೆಗೆದ. ಅಷ್ಟೇ... ಏಳನೇ ಕ್ಲಾಸು, ಗಣಿತ ಪರೀಕ್ಷೆಯ ಹಿಂದಿನ ರಾತ್ರಿ, ಕರೆಂಟಿಲ್ಲ. ಅಜ್ಜಿ ನನ್ನೆದೆಗೆ ವಿಕ್ಸ್ ತಿಕ್ಕಿ, ಬೆರಳಲ್ಲಿ ಉಳಿದಿದ್ದನ್ನು ತನ್ನ ಮಂಡಿಗೆ ಸವರಿಕೊಂಡು, "ದುಡ್ಡು ಕೊಟ್ಟು ತಂದಿದ್ದು, ಯಾಕೆ ದಂಡ ಮಾಡ್ಲಿ" ಅಂದಿದ್ದಳು. ಆ ಮಾತು, ಬುಡ್ಡಿ ದೀಪದ ಬೆಳಕು, ಮಂಡಿ ಮೇಲೆ ಸರಿಸಿದ ಸೀರೆ, ಎಲ್ಲ ಬಂತು. ಎಷ್ಟೋ ತಿಂಗಳಾದ ಮೇಲೆ ಅತ್ತೆ. ವಿಕ್ಸ್ ಕಣ್ಣಿಗೆ ಹೋಯ್ತೇನೋ ಅಂತ ಪಾಪ ಅವನು ನೀರು ತಂದ.

ಯಾಕೆ ಹೀಗೆ ಅಂತ ಹುಡುಕಿ ಓದಿದೆ. ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದವರು 2024ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದಾರೆ. ಖಿನ್ನತೆಯಿದ್ದ 32 ಜನರಿಗೆ ಒಮ್ಮೆ ಬಾಟಲಿಯಲ್ಲಿ ವಾಸನೆ ಕೊಟ್ಟು, ಒಮ್ಮೆ ಬರೀ ಪದ ಕೊಟ್ಟು, ಏನು ನೆನಪಾಗುತ್ತೆ ಅಂತ ಕೇಳಿದರು. ಇಂಥದ್ದೇ ಒಂದು ದಿನ, ಒಂದು ಘಟನೆ ಅನ್ನುವಂಥ ನೆನಪುಗಳು ಪದಕ್ಕಿಂತ ವಾಸನೆಗೇ ಹೆಚ್ಚು ಬಂದವು. ಕಿತ್ತಳೆ, ಕಾಫಿಪುಡಿ, ಶೂ ಪಾಲಿಶ್... ಆ ಪಟ್ಟಿಯಲ್ಲಿ ವಿಕ್ಸೂ ಇತ್ತು! ಕಣ್ಣು, ಕಿವಿಗಳ ಸುದ್ದಿ ಥಲಾಮಸ್ ಅನ್ನೋ ಜಂಕ್ಷನ್ ದಾಟಿ ಹೋಗಬೇಕು, ಮೂಗಿಗೆ ಮಾತ್ರ ಭಾವನೆಗಳ ಅಮಿಗ್ಡಲಾಕ್ಕೆ ನೇರ ದಾರಿಯಿದೆ. ಇದರಿಂದ ಖಿನ್ನತೆ ವಾಸಿಯಾಗುತ್ತೆ ಅಂತ ಅವರೇನೂ ತೋರಿಸಿಲ್ಲ. ಹಾಗಂತ ಬಾಟಲಿ ಮಾರೋರು ಬೇರೆ.

ಆಸೆಗೆ ಬಿದ್ದು ದಿನಾ ಮೂಸಿದೆ. ನಾಲ್ಕೈದು ದಿನಕ್ಕೆ ಅಜ್ಜಿ ಬರೋದು ನಿಂತು ಬರೀ ಮೂಗುರಿ ಉಳೀತು. ಈಗ ಅಪರೂಪಕ್ಕೆ ತೆಗೀತೀನಿ.

ಮುಂದಿನ ಸಲ ಡಾಕ್ಟರಿಗೆ ಆ ರಾತ್ರಿಯ ಕಥೆ ಹೇಳಿದೆ, ಮಂಡಿ ಸಮೇತ. ನಕ್ಕರು, ಬರೆದುಕೊಂಡರು. ಮಾತ್ರೆ ಹಾಗೇ ಮುಂದುವರಿಸಿ ಅಂದ್ರು, ಮುಂದುವರಿದಿದೆ. ರೂಮ್‌ಮೇಟಿಗೆ ಅವನ ಡಬ್ಬಿ ಮಾತ್ರ ಇನ್ನೂ ವಾಪಸ್ ಕೊಟ್ಟಿಲ್ಲ.